ಸ್ಟ್ರಾಂಗಾ, ಮೈಲ್ಡಾ? ಬಿಯರ್ ಬಾಟಲಿಯ ಲೇಬಲ್‌ನಲ್ಲಿ ಏನೇನಿದೆ

ನಮ್ಮೂರಿನ ಯಾವ ವೈನ್ ಶಾಪ್‌ಗೆ ಹೋದ್ರೂ ಕಂಬಿ ಹಿಂದೆ ನಿಂತಿರೋರು ಬಿಯರ್ ಬಗ್ಗೆ ಕೇಳೋದು ಎರಡೇ ಪ್ರಶ್ನೆ. "ಸ್ಟ್ರಾಂಗಾ, ಮೈಲ್ಡಾ?" ಆಮೇಲೆ "ಕೂಲಾ, ನಾರ್ಮಲ್ಲಾ?" ಪಾತ್ರೆ ಅಂಗಡೀಲಿ ಒಂದು ಕುಕ್ಕರ್ ತಗೋಬೇಕಾದ್ರೆ ನಮ್ಮಮ್ಮ ಹತ್ತು ಪ್ರಶ್ನೆ ಕೇಳ್ತಾರೆ. ಇಲ್ಲಿ ಎರಡರಲ್ಲೇ ವ್ಯವಹಾರ ಮುಗಿಯುತ್ತೆ. ಆದರೆ ಆ ಬಾಟಲಿ ಮೇಲೆ ಅಂಟಿಸಿರೋ ಕಾಗದದಲ್ಲಿ ನಮ್ಮ ಮೊದಲ ವರ್ಷದ ಕೆಮಿಸ್ಟ್ರಿ ಪುಸ್ತಕದ ಅರ್ಧ ಇದೆ, ಸಂವಿಧಾನದ ಒಂದೆರಡು ಪುಟವೂ ಇದೆ. ಅದನ್ನ ಓದೋದು ಹೇಗೆ ಅನ್ನೋದೇ ಈ ಲೇಖನ.

ಶುರು ಮಾಡೋ ಮೊದಲು ಒಂದು ಮಾತು. ನಮಗೆ 19 ವರ್ಷ. ಕರ್ನಾಟಕದ ಅಬಕಾರಿ ನಿಯಮಗಳ ಪ್ರಕಾರ 21 ತುಂಬದವರಿಗೆ ಅಂಗಡಿಯವರು ಮದ್ಯ ಕೊಡೋ ಹಾಗಿಲ್ಲ. ಹಾಗಾಗಿ ಇದು "ಯಾವುದು ಕುಡಿಯಬೇಕು" ಅನ್ನೋ ಗೈಡ್ ಅಲ್ಲ, ರುಚಿ ಬಗ್ಗೆ ನಮ್ಮನ್ನ ನಂಬಲೂಬೇಡಿ. ಮತ್ತೆ ಯಾಕೆ ಬರೀತಿದೀವಿ ಅಂದ್ರೆ, ಕ್ಯಾಂಪಸ್‌ನಲ್ಲಿ 21 ದಾಟಿದ ಸೀನಿಯರ್‌ಗಳು ಬೇಕಾದಷ್ಟು ಜನ ಇದ್ದಾರೆ, ದಾಟದೇ ಇರೋರ ವಿಷಯ ವಾರ್ಡನ್‌ಗೂ ಗೊತ್ತು ನಮಗೂ ಗೊತ್ತು, ಮತ್ತು ಇಬ್ಬರ ಬಾಯಲ್ಲೂ ನಾವು ಕೇಳಿರೋ ಲೆಕ್ಕಗಳು ಒಂದಕ್ಕಿಂತ ಒಂದು ತಪ್ಪು. "ಬರೀ ಬಿಯರ್ ಕಣೋ, ಎಣ್ಣೆ ಅಲ್ಲ" ಅನ್ನೋ ವಾಕ್ಯ ಹೇಳಿ ಬೈಕ್ ಸ್ಟಾರ್ಟ್ ಮಾಡೋರನ್ನ ನಾವೆಲ್ಲ ನೋಡಿದೀವಿ. ಮೊದಲು ಆ ವಾಕ್ಯವನ್ನೇ ಚೆಕ್ ಮಾಡೋಣ.

ಬಾಟಲಿ ಮೇಲೆ ಸಣ್ಣಕ್ಷರದಲ್ಲಿ ಆಲ್ಕೋಹಾಲ್ ಪ್ರಮಾಣ ಇರುತ್ತೆ, ಎಬಿವಿ ಅಂತಾರೆ. ಅಂದ್ರೆ ನೂರು ಮಿಲಿ ದ್ರವದಲ್ಲಿ ಎಷ್ಟು ಮಿಲಿ ಎಥನಾಲ್ ಇದೆ ಅನ್ನೋದು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 5% ತನಕ ಇರೋದು ಮೈಲ್ಡ್, ಅದರ ಮೇಲೆ 8% ತನಕ ಸ್ಟ್ರಾಂಗ್. ಸ್ಟ್ರಾಂಗ್ ಬಾಟಲಿಗಳ ಮೇಲೆ ಬಹಳಷ್ಟು ಸಲ "8% ಮೀರದಂತೆ" ಅಂತ ಮಾತ್ರ ಇರುತ್ತೆ, ನಿಖರವಾದ ಸಂಖ್ಯೆ ಇರಲ್ಲ. ಮೇಲಿನ ಮಿತಿಯನ್ನೇ ಹಿಡ್ಕೊಂಡು ಲೆಕ್ಕ ಹಾಕೋಣ. ದೊಡ್ಡ ಬಾಟಲಿ 650 ಮಿಲಿ. ಅದರ 8% ಅಂದ್ರೆ 52 ಮಿಲಿ ಶುದ್ಧ ಎಥನಾಲ್.

ಈಗ ವಿಸ್ಕಿ ಕಡೆ ಬನ್ನಿ. ನಮ್ಮಲ್ಲಿ ಸಿಗೋ ವಿಸ್ಕಿ, ರಮ್, ಬ್ರಾಂದಿ ಬಾಟಲಿಗಳ ಮೇಲೆ 42.8% ಅನ್ನೋ ವಿಚಿತ್ರ ಸಂಖ್ಯೆ ಕಾಣುತ್ತೆ. ಬ್ರಿಟಿಷರ ಕಾಲದ ಪ್ರೂಫ್ ಅಳತೆಯಿಂದ ಬಂದಿದ್ದು ಅದು. ಒಂದು ಲಾರ್ಜ್, ಅಂದ್ರೆ 60 ಮಿಲಿ, ಅದರಲ್ಲಿ ಎಥನಾಲ್ 25.7 ಮಿಲಿ. ಎರಡು ಲಾರ್ಜ್‌ಗೆ 51.4 ಮಿಲಿ.

52 ಮತ್ತು 51.4. ಒಂದು ಸ್ಟ್ರಾಂಗ್ ಬಾಟಲ್ ಅಂದ್ರೆ ಎರಡು ಲಾರ್ಜ್ ವಿಸ್ಕಿ. ಹತ್ತಿರ ಹತ್ತಿರ ಅಲ್ಲ, ಹೆಚ್ಚೂಕಮ್ಮಿ ಅಷ್ಟೇ. ಒಂದೂವರೆ ಸ್ಟ್ರಾಂಗ್ ಬಾಟಲ್‌ಗೆ 78 ಮಿಲಿ ಆಗುತ್ತೆ, 180 ಮಿಲಿಯ ಒಂದು ಕ್ವಾರ್ಟರ್‌ಗೆ 77. "ನಾನು ಹಾಟ್ ಮುಟ್ಟಲ್ಲ, ಬಿಯರ್ ಮಾತ್ರ" ಅಂತ ಎದೆ ಮೇಲೆ ಕೈ ಇಟ್ಕೊಂಡು ಹೇಳೋ ಹುಡುಗ ಒಂದೂವರೆ ಬಾಟಲ್ ಮುಗಿಸೋ ಹೊತ್ತಿಗೆ ಒಂದು ಕ್ವಾರ್ಟರ್ ಇಳಿಸಿರ್ತಾನೆ. ಅವನಿಗೆ ಆ ವಿಷಯ ಗೊತ್ತಿರಲ್ಲ ಅಷ್ಟೇ. ಲಿವರ್‌ಗೆ ಬಾಟಲಿಯ ಆಕಾರ ಕಾಣಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ, ಯಾಕಂದ್ರೆ ಬೈಕ್ ವಿಷಯ ಇರೋದು ಇಲ್ಲೇ. ಎಥನಾಲ್‌ನ ಸಾಂದ್ರತೆ 0.789. ಅಂದ್ರೆ 52 ಮಿಲಿ ಸುಮಾರು 41 ಗ್ರಾಂ. ರಕ್ತದಲ್ಲಿ ಎಷ್ಟು ಆಲ್ಕೋಹಾಲ್ ಇರಬಹುದು ಅಂತ ಅಂದಾಜು ಮಾಡೋಕೆ ವಿಡ್ಮಾರ್ಕ್ ಸೂತ್ರ ಅಂತ ಒಂದಿದೆ. ಗ್ರಾಂ ಲೆಕ್ಕದ ಆಲ್ಕೋಹಾಲನ್ನ ದೇಹದ ತೂಕ ಮತ್ತು ಒಂದು ಗುಣಾಂಕದ ಗುಣಲಬ್ಧದಿಂದ ಭಾಗಿಸೋದು. ಗುಣಾಂಕ ಗಂಡಸರಿಗೆ ಸುಮಾರು 0.68, ಹೆಂಗಸರಿಗೆ ಸುಮಾರು 0.55, ಅವರ ದೇಹದಲ್ಲಿ ನೀರಿನ ಪಾಲು ಕಡಿಮೆ ಅನ್ನೋ ಕಾರಣಕ್ಕೆ. 65 ಕಿಲೋ ಹುಡುಗ ಒಂದು ಸ್ಟ್ರಾಂಗ್ ಬಾಟಲನ್ನ ಬೇಗ ಮುಗಿಸಿದ್ರೆ 100 ಮಿಲಿ ರಕ್ತಕ್ಕೆ 90 ಮಿಲಿಗ್ರಾಂ ಮೇಲೆ ಬರುತ್ತೆ. 50 ಕಿಲೋ ಹುಡುಗಿಗೆ ಅದೇ ಬಾಟಲ್ 150ರ ಹತ್ತಿರ ಹೋಗುತ್ತೆ.

ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಇಟ್ಟಿರೋ ಮಿತಿ 30 ಮಿಲಿಗ್ರಾಂ. ಮೀರಿದ್ರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಅಥವಾ ಆರು ತಿಂಗಳ ತನಕ ಜೈಲು, ಅಥವಾ ಎರಡೂ. ದೇಹ ಆಲ್ಕೋಹಾಲನ್ನ ಕರಗಿಸೋ ವೇಗ ಗಂಟೆಗೆ ಸರಾಸರಿ 15 ಮಿಲಿಗ್ರಾಂ. 90ರಿಂದ 30ಕ್ಕೆ ಇಳಿಯೋಕೆ ನಾಲ್ಕು ಗಂಟೆ ಬೇಕು, ಸೊನ್ನೆಗೆ ಆರು ಗಂಟೆ. ಅದೂ ಒಂದೇ ಬಾಟಲಿಗೆ! ಮಧ್ಯೆ ಕಾಫಿ ಕುಡಿದ್ರೂ, ತಣ್ಣೀರಲ್ಲಿ ತಲೆ ತೊಳೆದ್ರೂ, ಮೆಸ್‌ನ ಮೊಸರನ್ನ ತಿಂದ್ರೂ ಆ 15 ಅನ್ನೋದು 20 ಆಗಲ್ಲ. ಇದು ಝೀರೋ ಆರ್ಡರ್ ರಿಯಾಕ್ಷನ್, ಅಂದ್ರೆ ಒಳಗೆ ಎಷ್ಟೇ ಇದ್ರೂ ವೇಗ ಹೆಚ್ಚೂಕಮ್ಮಿ ಅಷ್ಟೇ. ಎಂಜೈಮ್‌ಗಳ ಕೌಂಟರ್‌ನಲ್ಲಿ ಎಲ್ಲಾ ಕಿಟಕಿಗಳೂ ಭರ್ತಿ, ಕ್ಯೂ ಮಾತ್ರ ಉದ್ದ ಆಗ್ತಾ ಹೋಗುತ್ತೆ.

ಹಾಗಾದ್ರೆ ಒಂದು ಮೈಲ್ಡ್ ಪಿಂಟ್ ಕುಡಿದು ಗಾಡಿ ಓಡಿಸಬಹುದಾ ಅಂತ ಯಾರಾದ್ರೂ ಕೇಳ್ತೀರ. 330 ಮಿಲಿ, 4.5% ಅಂದ್ರೆ ಸುಮಾರು 12 ಗ್ರಾಂ. ಅದೇ 65 ಕಿಲೋ ಹುಡುಗನಿಗೆ 27ರ ಆಸುಪಾಸು. ಕಾಗದದ ಮೇಲೆ ಪಾಸು, ಆದರೆ ಈ ಸೂತ್ರದ ತಪ್ಪಿನ ಅಂಚೇ ಆ ಮೂರು ಮಿಲಿಗ್ರಾಂಗಿಂತ ದೊಡ್ಡದು. ಹೊಟ್ಟೆ ಖಾಲಿನಾ, ನಿದ್ದೆ ಕೆಟ್ಟಿದೆಯಾ, ಯಾವುದನ್ನೂ ಅದು ಕೇಳಲ್ಲ. ಟಾಲರೆನ್ಸ್ ಅನ್ನೋ ಪದದ ಅರ್ಥ ಗೊತ್ತಿರೋ ಯಾವ ಮೆಕ್ಯಾನಿಕಲ್ ಹುಡುಗನೂ ಇಂಥ ಫಿಟ್ ಮೇಲೆ ಸಹಿ ಹಾಕಲ್ಲ. ಆಟೋ ಹತ್ತಿ.

ಇಷ್ಟು ಸೀರಿಯಸ್ ಆದ್ಮೇಲೆ ಸ್ವಲ್ಪ ಗ್ಲಿಸರಿನ್ ಪುರಾಣ.

ಹಾಸ್ಟೆಲ್‌ನಲ್ಲಿ ಇದನ್ನ ಕೇಳದವರು ಇಲ್ಲ. "ಇಂಡಿಯನ್ ಬಿಯರ್‌ಗೆ ಗ್ಲಿಸರಿನ್ ಹಾಕ್ತಾರೆ ಮಗಾ, ಅದಕ್ಕೇ ಬೆಳಿಗ್ಗೆ ತಲೆನೋವು. ಬಾಟಲನ್ನ ನೀರಿನ ಲೋಟದಲ್ಲಿ ತಲೆಕೆಳಗೆ ಇಟ್ರೆ ಗ್ಲಿಸರಿನ್ ಎಲ್ಲಾ ಇಳಿದು ಹೋಗುತ್ತೆ." ಇಟ್ರೆ ನಿಜವಾಗಿಯೂ ಏನೋ ಎಣ್ಣೆ ಎಣ್ಣೆಯಾಗಿ ದಾರದ ಹಾಗೆ ಇಳಿಯೋದು ಕಾಣುತ್ತೆ. ಕಣ್ಣಾರೆ ಕಂಡಿದ್ದು, ವಾದ ಮಾಡೋದು ಹೇಗೆ?

ಗ್ಲಿಸರಿನ್ ಅಥವಾ ಗ್ಲಿಸರಾಲ್ ಬಿಯರ್‌ನಲ್ಲಿ ಇರೋದು ನಿಜ. ಆದರೆ ಯಾರೂ ತಂದು ಸುರಿಯಬೇಕಾಗಿಲ್ಲ, ಯೀಸ್ಟ್ ತಾನೇ ಹುದುಗು ಬರೋವಾಗ ಲೀಟರಿಗೆ ಒಂದೆರಡು ಗ್ರಾಂ ಮಾಡುತ್ತೆ. ಬೆಲ್ಜಿಯಂ ಬಿಯರ್‌ನಲ್ಲೂ ಇರುತ್ತೆ, ವೈನ್‌ನಲ್ಲಿ ಇನ್ನೂ ಜಾಸ್ತಿ ಇರುತ್ತೆ. ಎರಡನೇದು, ಅದು ನೀರಿನಲ್ಲಿ ಪೂರ್ತಿ ಬೆರೆಯೋ ವಸ್ತು. ಒಂದು ಸಲ ಕರಗಿದ ಸಕ್ಕರೆ ಚಹಾದ ತಳಕ್ಕೆ ವಾಪಸ್ ಬಂದು ಕೂರೋದಿಲ್ಲ ಅಲ್ವಾ? ಹಾಗೇ ಗ್ಲಿಸರಾಲ್ ಕೂಡ ತಾನೊಂದೇ ಆಯ್ದು ಕೆಳಗೆ ಇಳಿಯಲ್ಲ.

ಮತ್ತೆ ಕಾಣೋದೇನು? ಬಿಯರ್ರೇ! ಅದರಲ್ಲಿ ಹುದುಗದೇ ಉಳಿದ ಸಕ್ಕರೆ ಅಂಶಗಳು ಇರೋದ್ರಿಂದ ಸಾಮಾನ್ಯವಾಗಿ ಅದರ ಸಾಂದ್ರತೆ ನೀರಿಗಿಂತ ಒಂದು ಚೂರು ಜಾಸ್ತಿ. ಭಾರದ ದ್ರವ ಮೇಲೆ, ಹಗುರದ್ದು ಕೆಳಗೆ ಇದ್ರೆ ಅವು ಜಾಗ ಬದಲಾಯಿಸ್ಕೊಳ್ತವೆ. ಬಿಯರ್ ಕೆಳಗಿಳಿಯುತ್ತೆ, ನೀರು ಬಾಟಲಿಯೊಳಗೆ ಹತ್ತುತ್ತೆ. ಎರಡರ ವಕ್ರೀಭವನ ಸೂಚ್ಯಂಕ ಬೇರೆ ಆಗಿರೋದ್ರಿಂದ ಬೆಳಕು ಬಾಗಿ ಆ ದಾರಗಳು ಕಾಣ್ತವೆ. ಬೇಸಿಗೆ ರಸ್ತೆ ಮೇಲೆ ಬಿಸಿಗಾಳಿ ನಡುಗೋ ಹಾಗೆ ಕಾಣೋದೂ ಇದೇ ಸಂಗತಿ. ನಾವು ಇದನ್ನ ಬೆಲ್ಲದ ಪಾನಕ ತುಂಬಿದ ಬಾಟಲಿಯಲ್ಲಿ ಮಾಡಿ ನೋಡಿದ್ವಿ. ಅಚ್ಚುಕಟ್ಟಾಗಿ "ಗ್ಲಿಸರಿನ್" ಇಳೀತು. ರಾಮನವಮಿ ಪಾನಕಕ್ಕೆ ಗ್ಲಿಸರಿನ್ ಹಾಕ್ತಾರೆ ಅಂತ ಯಾರೂ ಹೇಳಲಿಲ್ಲ. ಈ ಕ್ರಿಯೆಯಿಂದ ಆಗೋದು ಒಂದೇ, ದುಡ್ಡು ಕೊಟ್ಟು ತಂದ ಬಿಯರ್‌ಗೆ ಕಾರ್ಪೊರೇಷನ್ ನೀರು ಬೆರೆಯುತ್ತೆ. ಬೆಳಗಿನ ತಲೆನೋವಿಗೆ ಹೋದ ಪ್ಯಾರಾದ 41 ಗ್ರಾಂ ಸಾಕು, ಬೇರೆ ಆರೋಪಿ ಬೇಕಿಲ್ಲ.

ಇದರ ತಮ್ಮ ಇನ್ನೊಂದು ಪುರಾಣ ಇದೆ, ಬಿಯರ್ ಬಾರ್ಲಿ ನೀರು, ಕಿಡ್ನಿ ಸ್ಟೋನ್‌ಗೆ ಒಳ್ಳೇದು ಅಂತ. ಆಲ್ಕೋಹಾಲ್ ಮೂತ್ರವನ್ನ ತಡೆದು ಹಿಡಿಯೋ ಹಾರ್ಮೋನನ್ನ ಅಡಗಿಸುತ್ತೆ, ಅದಕ್ಕೇ ಪದೇ ಪದೇ ಎದ್ದು ಹೋಗೋದು. ಒಳಗೆ ಹೋಗಿದ್ದಕ್ಕಿಂತ ಹೊರಗೆ ಹೋಗೋದು ಜಾಸ್ತಿಯಾಗಿ ದೇಹ ಒಣಗಬಹುದು, ಕಲ್ಲಿಗೆ ಬೇಕಾಗಿರೋದು ಅದರ ಉಲ್ಟಾ. ಡಾಕ್ಟರ್ ಹೇಳೋ ಔಷಧಿ ನೀರು, ಅದು ಹಾಸ್ಟೆಲ್ ಫಿಲ್ಟರ್‌ನಲ್ಲಿ ಪುಕ್ಕಟೆ.

ಈಗ ಕ್ರಾಫ್ಟ್ ಬಿಯರ್ ವಿಷಯ. ನಮ್ಮ ಕ್ಲಬ್‌ನ ಹಳೇ ಸದಸ್ಯರೊಬ್ಬರು, ಈಗ ಕೆಲಸದಲ್ಲಿದ್ದಾರೆ, ಒಂದು ಶನಿವಾರ ಅವರ ಜೊತೆ ನಾವು ವೈನ್ ಶಾಪ್ ತನಕ ಹೋದ್ವಿ. ಅವರು ಕೌಂಟರ್‌ಗೆ, ನಾವು ಫುಟ್‌ಪಾತ್‌ಗೆ. "ಅಣ್ಣಾ, ಕ್ರಾಫ್ಟ್ ಬಿಯರ್ ಏನಿದೆ?" ಅಂದ್ರು. ಅಂಗಡಿಯವರು ಫ್ರಿಜ್‌ನ ಮೇಲಿನ ಮೂಲೆ ತೋರಿಸಿದ್ರು. ಐದಾರು ಬಾಟಲ್, ಮೂರು ಟಿನ್. ಉಳಿದ ಫ್ರಿಜ್ ತುಂಬಾ ಒಂದೇ ಬಣ್ಣ. ಇವರು ಬಾಟಲ್ ತಿರುಗಿಸಿ ಡೇಟ್ ಹುಡುಕೋಕೆ ಶುರು ಮಾಡಿದ ಕೂಡಲೇ ಬಂತು ನೋಡಿ ಮಾತು: "ಡೇಟ್ ನೋಡೋಕೆ ಇದೇನ್ ನಂದಿನಿ ಹಾಲಾ ಸಾರ್?"

ಹಾಲೇನೂ ಅಲ್ಲ, ಆದರೆ ಆ ದಿಕ್ಕಲ್ಲೇ ಇದೆ. ವಿಸ್ಕಿ ಬಾಟಲ್ ಹತ್ತು ವರ್ಷ ಕಪಾಟಿನಲ್ಲಿದ್ರೂ ಏನಾಗಲ್ಲ. ಬಿಯರ್ ಪ್ಯಾಕ್ ಆದ ದಿನದಿಂದಲೇ ಹಳಸೋಕೆ ಶುರು. ಆರೋಗ್ಯ ಕೆಡಲ್ಲ, ರುಚಿ ಕೆಡುತ್ತೆ. ಶತ್ರುಗಳು ಮೂರು, ಬೆಳಕು, ಶಾಖ, ಆಮ್ಲಜನಕ.

ಬೆಳಕಿನ ಕಥೆ ನಮಗೆ ಬಹಳ ಇಷ್ಟ ಆಯ್ತು. ಬಿಯರ್‌ಗೆ ಕಹಿ ಕೊಡೋದು ಹಾಪ್ಸ್ ಅನ್ನೋ ಬಳ್ಳಿಯ ಹೂವು. ಕುದಿಸಿದಾಗ ಅದರ ಆಲ್ಫಾ ಆಮ್ಲಗಳು ಐಸೋ-ಆಲ್ಫಾ ಆಮ್ಲಗಳಾಗಿ ಬದಲಾಗ್ತವೆ, ಕಹಿ ಇರೋದು ಅದರಲ್ಲಿ. ಲೇಬಲ್ ಮೇಲೆ ಐಬಿಯು ಅಂತ ಕಂಡ್ರೆ ಅದು ಈ ಕಹಿಯ ಅಳತೆ, ಸಾದಾ ಲಾಗರ್‌ಗಳಲ್ಲಿ ಹತ್ತು ಹದಿನೈದರ ಆಸುಪಾಸು, ಐಪಿಎಗಳಲ್ಲಿ ನಲವತ್ತರಿಂದ ಮೇಲಕ್ಕೆ. ಈ ಆಮ್ಲದ ಮೇಲೆ ನೀಲಿ ಬೆಳಕು ಅಥವಾ ಅದಕ್ಕಿಂತ ಕಡಿಮೆ ತರಂಗಾಂತರದ ಬೆಳಕು ಬಿದ್ರೆ, ಬಿಯರ್‌ನಲ್ಲೇ ಇರೋ ರೈಬೋಫ್ಲೇವಿನ್, ಅಂದ್ರೆ ನಮ್ಮ ವಿಟಮಿನ್ ಬಿ2, ಆ ಬೆಳಕನ್ನ ಹೀರಿ ಆಮ್ಲದ ಒಂದು ತುಂಡನ್ನ ಕತ್ತರಿಸೋಕೆ ಕಾರಣ ಆಗುತ್ತೆ. ಆ ತುಂಡು ಗಂಧಕದ ಜೊತೆ ಸೇರಿ 3-ಎಂಬಿಟಿ ಅನ್ನೋ ಥಯಾಲ್ ಆಗುತ್ತೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ರೂ ಮೂಗಿಗೆ ಗೊತ್ತಾಗುತ್ತೆ. ಇಂಗ್ಲಿಷ್‌ನವರು ಇದನ್ನ ಸ್ಕಂಕ್ ವಾಸನೆ ಅಂತಾರೆ. ನಮ್ಮೂರಲ್ಲಿ ಸ್ಕಂಕ್ ಇಲ್ಲ, ಹಾಗಾಗಿ ಆ ಹೋಲಿಕೆ ನಮಗೆ ಯಾವ ಉಪಯೋಗಕ್ಕೂ ಬರಲ್ಲ. ಆದರೆ ಅಡುಗೆ ಗ್ಯಾಸ್ ಲೀಕ್ ಆದ್ರೆ ಗೊತ್ತಾಗಲಿ ಅಂತ ಬೆರೆಸ್ತಾರಲ್ಲ, ಆ ವಾಸನೆಯ ಎಥೈಲ್ ಮರ್ಕಾಪ್ಟನ್ ಇದೇ ಥಯಾಲ್ ವಂಶದ್ದು. ಸಂಬಂಧಿಕರು.

ಕಂದು ಗಾಜು ಆ ಬೆಳಕನ್ನ ಬಹಳಷ್ಟು ತಡೆಯುತ್ತೆ. ಹಸಿರು ಗಾಜು ಅಷ್ಟು ತಡೆಯಲ್ಲ, ಬಿಳಿ ಗಾಜು ತಡೆಯೋದೇ ಇಲ್ಲ ಅನ್ನಬೇಕು. ಟಿನ್ ಒಳಗೆ ಬೆಳಕೇ ಇಲ್ಲ. ಹಸಿರು ಬಾಟಲ್ ನೋಡಿದ್ರೆ ಇಂಪೋರ್ಟೆಡ್ ಲುಕ್ ಅಂತ ನಾವು ಅಂದ್ಕೊಳ್ಳೋದು, ಆದರೆ ಫ್ರಿಜ್‌ನ ಟ್ಯೂಬ್‌ಲೈಟ್ ಪಕ್ಕದಲ್ಲೇ ವಾರಗಟ್ಟಲೆ ನಿಂತಿದ್ರೆ ಆ ಲುಕ್‌ಗೆ ಮೂಗು ಬೆಲೆ ಕೊಡಬೇಕಾಗುತ್ತೆ. ನಮ್ಮ ಸೀನಿಯರ್ ಬಾಟಲ್ ತಗೋಬೇಕಾದ್ರೆ ಮುಂದಿನ ಸಾಲು ಬಿಟ್ಟು ಹಿಂದಿಂದ ಕೇಳ್ತಾರೆ. ಅಂಗಡಿಯವರ ಮುಖ ಸಿಂಡರಿಸುತ್ತೆ, ಆದರೆ ಕೊಡ್ತಾರೆ. ಅಂದ ಹಾಗೆ, ಕಂದು ಬಾಟಲಿಯ ಭುಜದ ಹತ್ತಿರ ಬಿಳಿ ಗೀರುಗಳ ಉಂಗುರ ಕಂಡ್ರೆ ಗಾಬರಿ ಬೇಡ, ಅದು ಗುಜರಿಯಿಂದ ವಾಪಸ್ ಹೋಗಿ, ತೊಳೆದು, ಮತ್ತೆ ತುಂಬಿ ಬಂದ ಬಾಟಲ್ ಅಂತ ಅರ್ಥ. ಪಕ್ಕದ ಬಾಟಲ್‌ಗಳ ಜೊತೆ ಸಾಲಲ್ಲಿ ಉಜ್ಜಿ ಉಜ್ಜಿ ಆದ ಗುರುತು. ಪ್ರಾಜೆಕ್ಟ್ ಎಕ್ಸ್‌ಪೋದಲ್ಲಿ ನಾವು ಸರ್ಕ್ಯುಲರ್ ಎಕಾನಮಿ ಅಂತ ಪೋಸ್ಟರ್ ಅಂಟಿಸೋದು ಇದಕ್ಕೇ.

ಶಾಖದ ಬಗ್ಗೆ ಬ್ರೂವರ್‌ಗಳು 3-30-300 ಅಂತ ಒಂದು ಬಾಯಿಲೆಕ್ಕ ಇಟ್ಕೊಂಡಿದ್ದಾರೆ. ಬಿಯರ್ 32 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇದ್ರೆ ಎಷ್ಟು ಹಳಸುತ್ತೋ, 22ರಲ್ಲಿ 30 ದಿನಕ್ಕೆ, 3 ಡಿಗ್ರಿಯಲ್ಲಿ 300 ದಿನಕ್ಕೆ ಅಷ್ಟೇ ಹಳಸುತ್ತೆ. ನಾವು ಸುಮ್ಮನಿರಲಾರದೆ ಈ ಮೂರನ್ನೂ ಅರ್ರೇನಿಯಸ್ ಗ್ರಾಫ್‌ಗೆ ಹಾಕಿದ್ವಿ. ಒಂದೇ ಗೆರೆ ಮೇಲೆ ಕೂರಲ್ಲ. ತಣ್ಣಗಿನ ತುಂಡಿಗೆ ಆಕ್ಟಿವೇಷನ್ ಎನರ್ಜಿ ಮೋಲ್‌ಗೆ 80 ಕಿಲೋಜೂಲ್ ಹತ್ತಿರ ಬರುತ್ತೆ, ಬಿಸಿ ತುಂಡಿಗೆ 170ರ ಹತ್ತಿರ. ಅಂದ್ರೆ ಇದು ನಾಲಿಗೆ ಮೇಲೆ ಚೆನ್ನಾಗಿ ಕೂರೋ ಮಾತು, ಲ್ಯಾಬ್ ರೆಕಾರ್ಡ್‌ಗೆ ಬರೆಯೋ ಮಾತಲ್ಲ. ಆದರೂ ದಿಕ್ಕು ಸರಿ ಇದೆ. ಏಪ್ರಿಲ್‌ನಲ್ಲಿ ರಾಯಚೂರಲ್ಲೋ ಕಲಬುರಗಿಯಲ್ಲೋ ಒಂದು ಕೇಸ್ ಬಿಯರ್ ಗೋಡೌನ್‌ನಲ್ಲಿ ಒಂದು ವಾರ ಬಿದ್ದಿದ್ರೆ ಅದರ ವಯಸ್ಸು ಲೇಬಲ್ ಮೇಲಿನ ದಿನಾಂಕಕ್ಕಿಂತ ಬಹಳ ಜಾಸ್ತಿ. ಹಾಗೆ ಹಳಸಿದ ಬಿಯರ್ ಒದ್ದೆ ರಟ್ಟಿನ ಹಾಗೆ ಇರುತ್ತಂತೆ.

ಅದಕ್ಕೇ "ಕೂಲಾ, ನಾರ್ಮಲ್ಲಾ" ಅನ್ನೋದು ಬರೀ ತಣ್ಣಗೆ ಕುಡಿಯೋ ಪ್ರಶ್ನೆ ಅಲ್ಲ. ಕೇಳಬೇಕಾಗಿರೋದು "ಎಷ್ಟು ದಿನದಿಂದ ಕೂಲು?" ಅಂತ. ಬೆಳಿಗ್ಗೆ ಫ್ರಿಜ್‌ಗೆ ಹಾಕಿದ ಬಾಟಲಿಯೂ ಸಂಜೆಗೆ ಕೂಲೇ.

ದೊಡ್ಡ ಕಂಪನಿಗಳ ಲಾಗರ್‌ಗಳು ಇದನ್ನ ಸ್ವಲ್ಪ ತಡ್ಕೊಳ್ತವೆ. 60 ಡಿಗ್ರಿ ಆಸುಪಾಸಲ್ಲಿ ಪಾಶ್ಚರೀಕರಿಸಿರ್ತಾರೆ, ಬೇಗ ಖರ್ಚಾಗ್ತವೆ, ಕಳೆದುಕೊಳ್ಳೋಕೆ ಸುವಾಸನೆಯೂ ಅಷ್ಟಕ್ಕಷ್ಟೆ. ಕ್ರಾಫ್ಟ್ ಬಿಯರ್‌ನ ಬಂಡವಾಳವೇ ಸುವಾಸನೆ. ಗೋಧಿ ಬಿಯರ್‌ಗಳಲ್ಲಿ ಜರ್ಮನ್ ಥರದ್ದಾದ್ರೆ ಬಾಳೆಹಣ್ಣಿನ ಪರಿಮಳ, ಅದು ಐಸೋಅಮೈಲ್ ಅಸಿಟೇಟ್, ಯೀಸ್ಟ್ ಮಾಡೋ ಎಸ್ಟರ್. ಬೆಲ್ಜಿಯನ್ ಥರದ್ದಾದ್ರೆ ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ. ಹೌದು, ಸಾರಿನ ಪುಡಿಗೆ ಹಾಕೋ ಅದೇ ಕೊತ್ತಂಬರಿ. ಆ ಶೈಲಿ ಬೆಲ್ಜಿಯಂನಲ್ಲಿ ಸತ್ತೇ ಹೋಗಿತ್ತು, ಹುಗಾರ್ಡನ್ ಊರಿನ ಪಿಯೆರ್ ಸೆಲಿಸ್ ಅನ್ನೋರು 1966ರಲ್ಲಿ ಮತ್ತೆ ಮಾಡಿ ಬದುಕಿಸಿದ್ರು. ಇನ್ನು ಐಪಿಎ, ಅಂದ್ರೆ ಇಂಡಿಯಾ ಪೇಲ್ ಏಲ್, ಇಂಗ್ಲೆಂಡಿಂದ ಇಲ್ಲಿನ ಬ್ರಿಟಿಷರಿಗೆ ಅಂತ ಹಡಗಲ್ಲಿ ಬರ್ತಿದ್ದ ಜಾಸ್ತಿ ಹಾಪ್ಸ್‌ನ ಬಿಯರ್. ಹೆಸರಲ್ಲೇ ಇಂಡಿಯಾ ಇದೆ, ಇಂಡಿಯಾದ ವೈನ್ ಶಾಪ್‌ನಲ್ಲಿ ಹುಡುಕಿದ್ರೂ ಸಿಗಲ್ಲ. ಹಾಪ್ಸ್‌ನ ಪರಿಮಳ ಎಲ್ಲಕ್ಕಿಂತ ಮೊದಲು ಹಾರಿಹೋಗೋದ್ರಿಂದ ಆರು ತಿಂಗಳ ಐಪಿಎ ಸಿಕ್ಕಿದ್ರೂ ಪ್ರಯೋಜನ ಅಷ್ಟಕ್ಕಷ್ಟೇ.

ಯಾಕೆ ಸಿಗಲ್ಲ ಅನ್ನೋದು ನಮಗೆ ಕೆಮಿಸ್ಟ್ರಿಗಿಂತ ಆಸಕ್ತಿ ಹುಟ್ಟಿಸಿತು. ಬೆಂಗಳೂರು ಬಿಯರ್ ಊರು. ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವನು ದಕ್ಷಿಣದ ಸಣ್ಣಸಣ್ಣ ಬ್ರೂವರಿಗಳನ್ನ ಸೇರಿಸಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಮಾಡಿದ. ಕಿಂಗ್‌ಫಿಷರ್ ಅದರದ್ದೇ. 2010ರ ಸುಮಾರಿಗೆ ರಾಜ್ಯ ಸರ್ಕಾರ ಮೈಕ್ರೋಬ್ರೂವರಿಗಳಿಗೆ ಲೈಸೆನ್ಸ್ ಕೊಡೋಕೆ ಶುರು ಮಾಡಿದ ಮೇಲೆ ಇಂದಿರಾನಗರದ ಟಾಯ್ಟ್‌ನಂಥ ಜಾಗಗಳು ಬಂದವು, ರಾಗಿ, ಮಾವು, ಕಾಫಿ ಹಾಕಿದ ಬಿಯರ್‌ಗಳು ಬಂದವು. ಆದರೆ ಆ ಲೈಸೆನ್ಸ್‌ನ ಅರ್ಥ ಅಲ್ಲೇ ಮಾಡಿ, ಅಲ್ಲೇ ಲೋಟಕ್ಕೆ ಹಾಕಿ ಕೊಡೋದು. ಬಾಟಲಿಗೆ ತುಂಬಿ ಪಕ್ಕದ ರಸ್ತೆಯ ವೈನ್ ಶಾಪ್‌ಗೆ ಕಳಿಸೋ ಹಾಗಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಟ್ಯಾಂಕ್‌ಗಳಲ್ಲಿ ಬಿಯರ್ ಹಾಳಾಗೋ ಹೊತ್ತಿಗೆ ಪಾರ್ಸೆಲ್ ಕೊಡೋಕೆ ತಾತ್ಕಾಲಿಕ ಅನುಮತಿ ಸಿಕ್ಕಿತ್ತು.

ಅಂಗಡಿ ಶೆಲ್ಫಿಗೆ ಬರಬೇಕಾದ್ರೆ ದಾರಿ ಬೇರೆ. ಸಂವಿಧಾನದ ಏಳನೇ ಶೆಡ್ಯೂಲ್ ಮದ್ಯವನ್ನ ರಾಜ್ಯಗಳ ಪಟ್ಟಿಯಲ್ಲಿ ಇಟ್ಟಿದೆ, 47ನೇ ವಿಧಿ ಪಾನನಿಷೇಧದ ಕಡೆ ಪ್ರಯತ್ನಿಸಿ ಅಂತ ಸರ್ಕಾರಕ್ಕೆ ಹೇಳುತ್ತೆ, ಮತ್ತೆ ಕುಡಿಯೋ ಮದ್ಯ ಜಿಎಸ್‌ಟಿ ಹೊರಗಿದೆ. ಅದಕ್ಕೇ ಪ್ರತಿ ರಾಜ್ಯಕ್ಕೂ ಬೇರೆ ತೆರಿಗೆ, ಬೇರೆ ಲೇಬಲ್ ನೋಂದಣಿ, ಬಾಟಲಿ ಮೇಲೆ "ಕರ್ನಾಟಕದಲ್ಲಿ ಮಾತ್ರ ಮಾರಾಟಕ್ಕೆ" ಅನ್ನೋ ಸಾಲು. ನಮ್ಮಲ್ಲಿ ಕಂಪನಿ ನೇರವಾಗಿ ಅಂಗಡಿಗೆ ಮಾರೋ ಹಾಗಿಲ್ಲ. 2003ರಲ್ಲಿ ಶುರುವಾದ ರಾಜ್ಯ ಪಾನೀಯ ನಿಗಮದ ಡಿಪೋಗೆ ಕೊಡಬೇಕು, ಅಲ್ಲಿಂದ ಸಿಎಲ್-2 ಲೈಸೆನ್ಸ್‌ನ ವೈನ್ ಶಾಪ್‌ಗಳಿಗೆ, ಎಂಎಸ್‌ಐಎಲ್ ಮಳಿಗೆಗಳಿಗೆ, ಬಾರ್‌ಗಳಿಗೆ. ವರ್ಷಕ್ಕೆ ಲಕ್ಷಾಂತರ ಕೇಸ್ ಮಾರೋ ಕಂಪನಿಗೆ ಲೇಬಲ್ ಫೀಸು ಕಡ್ಲೆಕಾಯಿ. ಎರಡು ಸಾವಿರ ಕೇಸ್ ಮಾರೋ ಹುಡುಗರಿಗೆ ಪ್ರತಿ ರುಚಿಗೂ ಒಂದೊಂದು ಫೀಸು, ಪ್ರತಿ ರಾಜ್ಯಕ್ಕೂ ಒಂದೊಂದು ಫೈಲು. ಬಿರಾ 91 ಅನ್ನೋ ಬ್ರ್ಯಾಂಡ್ 2015ರಲ್ಲಿ ಶುರುವಾದಾಗ ಮೊದಲ ಬಿಯರ್‌ಗಳನ್ನ ಬೆಲ್ಜಿಯಂನಲ್ಲಿ ಮಾಡಿಸಿ ಹಡಗಲ್ಲಿ ತರಿಸಿತ್ತು ಅಂದ್ರೆ ನೋಡಿ, ಇಲ್ಲೇ ಬ್ರೂವರಿ ಇಡೋದಕ್ಕಿಂತ ಅದು ಸಲೀಸಾಗಿತ್ತು.

ಇನ್ನು ಅಂಗಡಿಯವರ ಕಡೆಯಿಂದ ಯೋಚನೆ ಮಾಡಿ. ಡಿಪೋಗೆ ದುಡ್ಡು ಕಟ್ಟಿ ಮಾಲು ಎತ್ತಬೇಕು. ಫ್ರಿಜ್‌ನ ಒಂದು ಸಾಲು ಸ್ಟ್ರಾಂಗ್ ಬಿಯರ್‌ಗೆ ಕೊಟ್ರೆ ಸಂಜೆಯೊಳಗೆ ಖಾಲಿ, ಕ್ರಾಫ್ಟ್‌ಗೆ ಕೊಟ್ರೆ ಹದಿನೈದು ದಿನ. ಹಾಗಾಗಿ ಐದೇ ಬಾಟಲ್ ಇಡ್ತಾರೆ. ಐದೇ ಇರೋದ್ರಿಂದ ಯಾರೂ ಕೇಳಲ್ಲ, ಕೇಳದೇ ಇರೋದ್ರಿಂದ ಹಳೇದಾಗುತ್ತೆ, ಹಳೇದನ್ನ ಕುಡಿದವರು "ಇದಕ್ಕಾ ಇಷ್ಟು ದುಡ್ಡು" ಅಂತ ಮತ್ತೆ ಬರಲ್ಲ. ಟಿವಿ ಜಾಹೀರಾತು ಕೊಡೋ ಹಾಗಿಲ್ಲ ಬೇರೆ. ದೊಡ್ಡವರು ಸೋಡಾ, ನೀರಿನ ಬಾಟಲ್ ಹೆಸರಲ್ಲಿ ಕ್ರಿಕೆಟ್ ನಡುವೆ ಬಂದು ಹೋಗ್ತಾರೆ, ಸಣ್ಣವರಿಗೆ ಮಾತಾಡೋಕೆ ಇರೋ ಜಾಗ ಆ ಲೇಬಲ್ ಒಂದೇ. ಗ್ರಾಹಕ ಲೆಕ್ಕ ಹಾಕೋದೂ ರೂಪಾಯಿಗೆ ಎಷ್ಟು ಕಿಕ್ ಅಂತ. ಆ ಲೆಕ್ಕದಲ್ಲಿ 4.5%ನ ದುಬಾರಿ ಗೋಧಿ ಬಿಯರ್ ಯಾವತ್ತೂ ಗೆಲ್ಲಲ್ಲ, 8% ಗೆಲ್ಲುತ್ತೆ. ಅದನ್ನ ಅಗ್ಗವಾಗಿ 8%ಗೆ ಏರಿಸೋಕೆ ಅಕ್ಕಿ, ಮೆಕ್ಕೆಜೋಳ, ಸಕ್ಕರೆ ಸೇರಿಸ್ತಾರೆ, ಪದಾರ್ಥಗಳ ಪಟ್ಟಿಯಲ್ಲಿ ಅದು ರಾಜಾರೋಷವಾಗಿ ಬರೆದೇ ಇರುತ್ತೆ. ಮೋಸವೇನಿಲ್ಲ, ಕೇಳಿದ್ದನ್ನ ಕೊಡ್ತಿದ್ದಾರೆ.

ಆವತ್ತು ಐದು ಬಾಟಲಿಗಳಲ್ಲಿ ಮೂರಕ್ಕೆ ಐದು ತಿಂಗಳು ತುಂಬಿತ್ತು. ಸಾಮಾನ್ಯವಾಗಿ ಆರು ತಿಂಗಳ ಗಡುವು ಬರೆದಿರ್ತಾರೆ, ಅಂದ್ರೆ ಕಾನೂನಿಗೆ ಇನ್ನೂ ತಾಜಾ. ಟಿನ್‌ಗಳಿಗೆ ಆರು ವಾರ. ನಮ್ಮ ಸೀನಿಯರ್ ಒಂದು ಟಿನ್ ತಗೊಂಡ್ರು, ಅದನ್ನ ನಾವು ಫುಟ್‌ಪಾತ್ ಮೇಲೆ ತಿರುಗಿಸಿ ತಿರುಗಿಸಿ ಓದಿದ್ವಿ. 500 ಮಿಲಿ, 4.9%, ಅಂದ್ರೆ 24.5 ಮಿಲಿ ಎಥನಾಲ್, ಒಂದು ಲಾರ್ಜ್‌ಗೆ ಒಂದು ಚಮಚದಷ್ಟೂ ಕಮ್ಮಿ ಇಲ್ಲ. ಗೋಧಿ, ಬಾರ್ಲಿ ಮಾಲ್ಟ್, ಹಾಪ್ಸ್, ಯೀಸ್ಟ್. ಆಹಾರ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ನಂಬರ್, ಅದರ ಕೆಳಗೆ ಕುಡಿದು ಗಾಡಿ ಓಡಿಸಬೇಡಿ ಅನ್ನೋ ಎಚ್ಚರಿಕೆ.

ಅವರು ಟಿನ್ನನ್ನ ಬ್ಯಾಗಿಗೆ ಹಾಕ್ಕೊಂಡು ಮೆಟ್ರೋ ಕಡೆ ನಡೆದ್ರು. ಬೈಕ್ ತಂದಿರಲಿಲ್ಲ.